ಮೊರದ ಮುಂದೆ ಆಡಿದ ಮಾತು

ಬಹಳ ಹಿಂದಿನ ಮಾತು. ಎಷ್ಟು ಹಿಂದೆ ಎಂದು ಕೇಳಬೇಡಿ, ಲೆಕ್ಕ ಇಟ್ಟವರು ಯಾರೂ ಈಗಿಲ್ಲ. ಥಾಯ್ ಜನ ಬಡಗಣ ಬೆಟ್ಟಗಳಿಂದ ಇಳಿದು ಬಂದು ಕಣಿವೆಗೊಂದು ರಾಜ್ಯ ಕಟ್ಟಿಕೊಂಡಿದ್ದ ಕಾಲ. ಒಂದು ಹಳ್ಳ ಬಂದು ದೊಡ್ಡ ಹೊಳೆಗೆ ಸೇರುವ ಕಡೆ ಒಂದು ಊರು. ಊರಿನ ಹೆಸರು ಸೊಪ್‌ಹುವಾಯ್. ಆ ಊರಿನಲ್ಲಿ ಒಬ್ಬ ಸೂಲಗಿತ್ತಿ ಇದ್ದಳಂತೆ.

ಕಾನೂನು ಎಲ್ಲಿಂದ ಬಂತು ಎಂದು ಓದಿದವರನ್ನು ಕೇಳಿ ನೋಡಿ. ಲೋಕದ ಅಂಚಿನಲ್ಲಿ ಒಂದು ಗೋಡೆ ಇದೆಯಂತೆ, ಅದರ ಮೇಲೆ ಆನೆ ಗಾತ್ರದ ಅಕ್ಷರಗಳಲ್ಲಿ ಧರ್ಮಶಾಸ್ತ್ರ ಬರೆದಿದೆಯಂತೆ, ಒಬ್ಬ ಋಷಿ ಹಾರಿ ಹೋಗಿ ಓದಿಕೊಂಡು ಬಂದು ರಾಜನಿಗೆ ಹೇಳಿದನಂತೆ. ಇರಲಿ ಬಿಡಿ, ಹಾರುವವರ ಸುದ್ದಿ ನಮಗೇಕೆ. ಆದರೆ ಇವತ್ತು ನಮ್ಮ ಹೊಳೆಯ ಎರಡು ದಡದಲ್ಲೂ ಹೆತ್ತವಳ ಮಡಿಲಿನಿಂದ ಕೂಸನ್ನು ಯಾರೂ ಪಾಲು ಕೇಳುವುದಿಲ್ಲವಲ್ಲ, ಆ ಕಾನೂನು ಯಾವ ಗೋಡೆಯ ಮೇಲೂ ಇರಲಿಲ್ಲ. ಅದು ಒಬ್ಬ ಮುದುಕಿಯ ಸಿಟ್ಟಿನಿಂದ ಬಂತು. ಯಾವನಾದರೂ ಬೇರೆ ಹೇಳಿದರೆ ಅವನ ಬಾಯಿಗೆ ಮಣ್ಣು ಬೀಳಲಿ.

ಅವಳ ಹೆಸರು ತಿಪ್. ಎಲ್ಲರೂ ಉಯ್ ತಿಪ್ ಎನ್ನುತ್ತಿದ್ದರು. ಉಯ್ ಎಂದರೆ ಅಲ್ಲಿ ಅಜ್ಜಿ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ ಇದ್ದಳು ಎನ್ನುತ್ತಾರೆ ಕೆಲವರು. ಇಲ್ಲ, ಬೆನ್ನು ಬಾಗಿದ ಕುಳ್ಳಿ ಎನ್ನುತ್ತಾರೆ ಇನ್ನು ಕೆಲವರು. ಅವಳ ಸಿಟ್ಟಿನ ವಿಷಯದಲ್ಲಿ ಮಾತ್ರ ಎರಡು ಮಾತಿಲ್ಲ. ಹೆರುವವಳ ಕೂಗಿಗಿಂತ ಇವಳ ಬೈಗುಳವೇ ಬೀದಿಗೆ ಜೋರಾಗಿ ಕೇಳುತ್ತಿತ್ತಂತೆ. ಹೊಟ್ಟೆಯೊಳಗಿನ ಕೂಸನ್ನೂ ಬಿಡುತ್ತಿರಲಿಲ್ಲವಂತೆ. "ಒಳಗೆ ಯಾವ ಗಂಟು ಕಾಯ್ತಾ ಕೂತಿದ್ದೀಯೋ? ಬಾ ಆಚೆ!" ಎನ್ನುತ್ತಿದ್ದಳಂತೆ. ಕೂಸು ಹೆದರಿ ಬರುತ್ತಿತ್ತಂತೆ. ಅಡ್ಡ ತಿರುಗಿದ ಕೂಸನ್ನು ಬೈದು ಬೈದೇ ನೆಟ್ಟಗೆ ಮಾಡುತ್ತಿದ್ದಳಂತೆ. ಮೇಲಿನ ಕಾಡಿನಲ್ಲಿ ಮರ ಎಳೆಯುವ ಹೆಣ್ಣಾನೆಯೊಂದು ಮರಿ ಹಾಕಲಾರದೆ ಒದ್ದಾಡುತ್ತಿದ್ದಾಗ ಇವಳನ್ನೇ ಕರೆದೊಯ್ದರಂತೆ. ಆನೆಯೂ ಬೈಸಿಕೊಂಡಿತು, ಮರಿಯೂ ಬೈಸಿಕೊಂಡಿತು, ಎರಡೂ ಬದುಕಿದವು ಎನ್ನುತ್ತಾರೆ.

ಈಗ ಒಂದು ಪದ್ಧತಿಯ ವಿಷಯ ಹೇಳಬೇಕು, ಅದು ಗೊತ್ತಿರದಿದ್ದರೆ ಮುಂದಿನದು ತಿಳಿಯುವುದಿಲ್ಲ. ಹುಟ್ಟಿದ ಕೂಸು ಮೊದಲ ಮೂರು ದಿನ ದೆವ್ವಗಳದ್ದು ಎಂದು ಆ ಜನ ನಂಬಿದ್ದರು. ಬೇಕಾದರೆ ದೆವ್ವ ವಾಪಸು ಕೊಂಡೊಯ್ಯಬಹುದು. ಆ ಮೂರು ದಿನ ಕಳೆದ ಮೇಲೆ ಸೂಲಗಿತ್ತಿ ಕೂಸನ್ನು ಮೊರದಲ್ಲಿ ಮಲಗಿಸಿ, ಮೊರವನ್ನು ಎತ್ತಿ ಹಿಡಿದು, ಎಲ್ಲರಿಗೂ ಕೇಳುವಂತೆ ಕೂಗುತ್ತಾಳೆ: "ಮೂರು ದಿನ ದೆವ್ವದ ಕೂಸು, ನಾಲ್ಕನೆಯ ದಿನ ಮನುಷ್ಯರ ಕೂಸು! ಯಾರದೋ ಈ ಕೂಸು, ಬಂದು ಎತ್ತಿಕೊಳ್ಳಿ!" ಆಗ ಹೆತ್ತವಳು ಸುಮ್ಮನಿರಬೇಕು. ಅವಳು ನನ್ನದು ಎಂದರೆ ದೆವ್ವಕ್ಕೆ ಗುರುತು ಹತ್ತಿಬಿಡುತ್ತದೆ. ಬೇರೊಬ್ಬ ಹೆಂಗಸು, ನೆರೆಯವಳೋ ಚಿಕ್ಕಮ್ಮನೋ, ಮುಂದೆ ಬಂದು "ನನ್ನದು!" ಎಂದು ಕೂಗಿ, ಸೂಲಗಿತ್ತಿಯ ಅಂಗೈಗೆ ಒಂದು ಚಿಟಿಕೆ ಉಪ್ಪು ಹಾಕಿ, ಮೊರ ಇಸಿದುಕೊಂಡು, ಕೂಸಿನ ಕೈಗೆ ನೂಲು ಕಟ್ಟುತ್ತಾಳೆ. ಅಲ್ಲಿಂದ ಮುಂದೆ ಅವಳು ಮೊರದವ್ವ. ಹೆತ್ತವಳಿಗೆ ಹಾಲಿಲ್ಲದಿದ್ದರೆ ಅವಳು ಕುಡಿಸಬೇಕು. ಹೆತ್ತವಳು ಸತ್ತರೆ ಅವಳು ಸಾಕಬೇಕು. ಕೂಸು ದೊಡ್ಡದಾಗಿ ಪಕ್ಕದವರ ಬಾಳೆಗೊನೆ ಕದ್ದರೆ ಬೈಸಿಕೊಳ್ಳುವುದೂ ಅವಳೇ. ಮೊರ ಹಿಡಿದ ಕೈಯಿಂದ ಕೂಸನ್ನು ಬಲವಂತವಾಗಿ ಕಿತ್ತುಕೊಂಡರೆ ದೆವ್ವ ಅದನ್ನು ಮತ್ತೆ ಕೇಳಿಕೊಂಡು ಬರುತ್ತದೆ, ಕೂಸು ಉಳಿಯುವುದಿಲ್ಲ. ಇದು ನಂಬಿಕೆ. ಬಡವರೂ ನಂಬಿದ್ದರು, ಬಲ್ಲಿದರೂ ನಂಬಿದ್ದರು.

ಹೊಳೆಯ ಈಚೆ ದಡದವರು ರಾಜನ ಜನ. ವರ್ಷಕ್ಕೊಮ್ಮೆ ಕಾಲುವೆ ಕಟ್ಟೆ ಕೆಲಸಕ್ಕೆ ಹೋಗಿ ಬಂದರೆ ಉಳಿದ ದಿನ ಅವರ ಬದುಕು ಅವರದು. ಆಚೆ ದಡದವರು ಸೇನ್ ಕಾನ್ ಎಂಬ ಒಡೆಯನ ಆಳುಗಳು. ಸೇನ್ ಎಂದರೆ ಲಕ್ಷ. ಲಕ್ಷ ಗದ್ದೆಯ ಧಣಿ ಎಂದು ರಾಜ ಕೊಟ್ಟ ಬಿರುದು. ಗದ್ದೆ ಲಕ್ಷ ಇತ್ತೋ ಇಲ್ಲವೋ, ಸೊಕ್ಕು ಮಾತ್ರ ಲಕ್ಷಕ್ಕೆ ಕಡಿಮೆ ಇರಲಿಲ್ಲ. ಆದರೆ ಹರೆಯಕ್ಕೆ ಹೊಳೆ ಅಡ್ಡ ಬರುತ್ತದೆಯೇ? ಈಚೆಯ ಹುಡುಗಿಯರು ಆಚೆಯ ಹುಡುಗರನ್ನು ಮೆಚ್ಚಿದರು, ಮದುವೆಯಾದರು, ಮಕ್ಕಳಾದವು. ಆ ಮಕ್ಕಳು ಯಾರ ಜನ? ತಾಳೆಗರಿಯಲ್ಲಿ ಬರೆದ ಕಾನೂನು ಹೇಳುತ್ತಿತ್ತು: ಮೊದಲನೆಯದು ಒಡೆಯನಿಗೆ, ಎರಡನೆಯದು ತಾಯಿಗೆ, ಮೂರನೆಯದು ಮತ್ತೆ ಒಡೆಯನಿಗೆ.

ಎಮ್ಮೆಯನ್ನು ಸಾಕಲು ಕೊಟ್ಟಾಗ ಕರುಗಳನ್ನು ಹೀಗೆಯೇ ಹಂಚುತ್ತಾರೆ, ಒಂದು ಯಜಮಾನನಿಗೆ, ಒಂದು ಸಾಕಿದವನಿಗೆ. ಎಮ್ಮೆಯ ಗರಿ ಓದುತ್ತಾ ಓದುತ್ತಾ ಯಾವನೋ ತೂಕಡಿಸಿ ಮನುಷ್ಯರ ಗರಿಗೆ ದಾಟಿಬಿಟ್ಟಿದ್ದಾನೆ ಎಂದು ಉಯ್ ತಿಪ್ ಹೇಳುತ್ತಿದ್ದಳಂತೆ. ನಗಲಿಕ್ಕೆ ಹೇಳಿದ ಮಾತಲ್ಲ ಅದು.

ಕೂಸು ಹಾಲು ಬಿಟ್ಟ ಮೇಲೆ ಒಡೆಯನ ಪಾಲನ್ನು ಕೊಂಡೊಯ್ಯಬೇಕು ಎಂದು ನೇಮ. ಅದಕ್ಕೇ ಆ ಊರಿನ ತಾಯಂದಿರು ಹಾಲು ಬಿಡಿಸುತ್ತಲೇ ಇರಲಿಲ್ಲವಂತೆ. ಓಡಾಡುವ ಮಕ್ಕಳು, ಮಾತಾಡುವ ಮಕ್ಕಳು, ಆಟದ ನಡುವೆ ಓಡಿ ಬಂದು ಮೊಲೆ ಕುಡಿದು ಮತ್ತೆ ಆಟಕ್ಕೆ ಹೋಗುತ್ತಿದ್ದವಂತೆ. ಬೇರೆ ಊರಿನವರು ನೋಡಿ ನಗುತ್ತಿದ್ದರು. ನಗುವವರ ಮಕ್ಕಳನ್ನು ಯಾರೂ ಕೊಂಡೊಯ್ಯುತ್ತಿರಲಿಲ್ಲವಲ್ಲ, ನಗುತ್ತಿದ್ದರು.

ಉಯ್ ತಿಪ್‌ಗೆ ಒಬ್ಬಳೇ ಮಗಳು, ಫೋಂಗ್. ಅವಳೂ ಆಚೆ ದಡದ ಆಳು ಮುಯ್ ಎಂಬವನನ್ನು ಮದುವೆಯಾದಳು. ಮೊದಲನೆಯದು ಗಂಡು. ಉಯ್ ತಿಪ್ ತನ್ನ ಕೈಯಾರೆ ಎತ್ತಿದ ಮೊಮ್ಮಗ. ಖಮ್ನೋಯ್ ಎಂದು ಹೆಸರಿಟ್ಟರು, ಚಿಕ್ಕ ಬಂಗಾರ ಎಂದರ್ಥ. ಅಜ್ಜಿ ಬೈದರೆ ತಿರುಗಿ ಬೈಯುತ್ತಿದ್ದ ಒಂದೇ ಜೀವ ಅದು. ಹಲ್ಲು ನೋಡಿ, ಇದು ಅನ್ನ ತಿನ್ನುವ ಹುಡುಗ ಎಂದು ಒಡೆಯನ ಮನುಷ್ಯ ಇನ್ತಾ ಎಂಬವನು ಬಂದು ಎತ್ತಿಕೊಂಡು ಹೋದ. ಫೋಂಗ್ ದೋಣಿಯ ಹಿಂದೆ ನೀರಿಗಿಳಿದಳು, ಕತ್ತಿನ ಮಟ್ಟ ಬರುವವರೆಗೂ ಹೋದಳು. ಹುಡುಗನನ್ನು ಮೇಲಿನ ಕಾಡಿಗೆ, ಆನೆ ಬಿಡಾರಕ್ಕೆ ಕಳಿಸಿದರು. ಹೆತ್ತಪ್ಪ ಮುಯ್ ಇಟ್ಟಿಗೆ ಗೂಡಿನಲ್ಲಿ ದುಡಿಯುತ್ತಿದ್ದ, ಅವನಿಗೂ ಮಗನ ಮುಖ ಕಾಣಲಿಲ್ಲ. ಕೇಳಿದಾಗಲೆಲ್ಲ ಇನ್ತಾ ಒಂದೇ ಮಾತು ಹೇಳುತ್ತಿದ್ದನಂತೆ: "ಚೆನ್ನಾಗಿದ್ದಾನೆ, ಹೊಟ್ಟೆ ತುಂಬ ಉಣ್ಣುತ್ತಾನೆ."

ಎರಡನೆಯದು ಹೆಣ್ಣು. ಇದು ತಾಯಿಯ ಪಾಲು. ಯಾರೂ ಮುಟ್ಟುವಂತಿಲ್ಲ. ಫೋಂಗ್ ಬಾಣಂತಿ ಬೆಂಕಿಯ ಪಕ್ಕ ಮಲಗಿ, ಹೆತ್ತಂದಿನಿಂದ ಒಂದೇ ಸಮನೆ ನಗುತ್ತಿದ್ದಳಂತೆ.

ಮೊರ ಎತ್ತುವ ದಿನ ಬಂತು. ಊರಿನವರೆಲ್ಲ ಬಂದರು. ಇನ್ತಾನೂ ಬಂದ, ನೆಂಟನ ಹಾಗೆ ನಗುನಗುತ್ತಾ ಬಂದು ಕಂಬಕ್ಕೆ ಒರಗಿ ನಿಂತ. ಉಯ್ ತಿಪ್‌ಗೆ ಮೈಯೆಲ್ಲ ಉರಿಯಿತು. ಆದರೂ ಮನೆಗೆ ಬಂದವನಿಗೆ ವೀಳ್ಯ ಕೊಡದೆ ಇರಬಾರದು ಎಂದು ತಾನೇ ಮಡಿಸಿ ಕೊಟ್ಟಳು. ಆಮೇಲೆ ಬದುಕಿರುವವರೆಗೂ ಆ ವೀಳ್ಯ ನೆನೆಸಿಕೊಂಡು ತನ್ನ ಕೈಗೆ ತಾನೇ ಶಾಪ ಹಾಕಿಕೊಳ್ಳುತ್ತಿದ್ದಳಂತೆ. ಅವಳು ಮೊರ ಎತ್ತಿ ಕೂಗಿದಳು. ನೆರೆಮನೆಯವಳು ಬಾಯಿ ತೆರೆಯುವಷ್ಟರಲ್ಲಿ ಇನ್ತಾ ವೀಳ್ಯದ ಬಾಯಲ್ಲೇ ಕೂಗಿದ: "ಸೇನ್ ಕಾನ್ ಒಡೆಯರದು!"

ತಮಾಷೆ ಎಂದುಕೊಂಡು ಜನ ನಕ್ಕರು. ಅವನು ಸೊಂಟದಿಂದ ಉಪ್ಪಿನ ಪೊಟ್ಟಣ ತೆಗೆದ. ಮುದುಕಿಯ ಅಂಗೈಗೆ ಉಪ್ಪು ಹಾಕಿದ, ಮೊರಕ್ಕೆ ಕೈ ಹಚ್ಚಿದ, ನೂಲು ಕಟ್ಟಿದ. ನಗು ನಿಂತಿತು. ಮೊರ ಕಿತ್ತುಕೊಳ್ಳೋಣವೆಂದರೆ ಕೂಸು ಸಾಯುತ್ತದೆ. ಅವನು ಮೊರವನ್ನು ಫೋಂಗ್‌ಳ ಪಕ್ಕದಲ್ಲಿಟ್ಟು, ಹಾಲು ಬಿಡುವವರೆಗೆ ನೀನೇ ನೋಡಿಕೋ ಎಂದು ಹೇಳಿ ದೋಣಿ ಹತ್ತಿದ. ಅರ್ಧ ಸಾಲದು ಎಂದು ಒಡೆಯ ಪೂರ್ತಿಗೆ ಬಾಯಿ ಹಾಕಿದ್ದ. ಅಂದಿನಿಂದ ಆ ದಡದ ಗಂಡನಿಗೆ ಹುಟ್ಟಿದ ಕೂಸಿಗೆ ಈ ದಡದಲ್ಲಿ ಎಲ್ಲೇ ಮೊರ ಎತ್ತಲಿ, ಇನ್ತಾ ಉಪ್ಪಿನ ಪೊಟ್ಟಣ ಸಿಕ್ಕಿಸಿಕೊಂಡು ಅಲ್ಲಿ ಹಾಜರು. ಹಾಳಾದವನ ಕಿವಿಗೆ ಯಾವ ಮನೆಯ ನೋವೂ ಮೊದಲೇ ಕೇಳಿಸುತ್ತಿತ್ತು.

ಉಯ್ ತಿಪ್ ನ್ಯಾಯ ಕೇಳಲು ಹೋದಳು. ಎಲ್ಲಿಗೆ? ಸೇನ್ ಕಾನನ ಚಾವಡಿಗೇ. ಆ ಕಣಿವೆಗೆ ನ್ಯಾಯ ಹೇಳಲು ರಾಜ ನೇಮಿಸಿದ್ದು ಅವನನ್ನೇ. ಬೇಲಿಯೇ ಎದ್ದು ಹೊಲ ಮೇಯುವಾಗ ಇನ್ನಾರಿಗೆ ದೂರುವುದು? ಅವನ ಪಕ್ಕದಲ್ಲಿ ಆಚಾನ್ ಬುನ್ ಕುಳಿತಿದ್ದ. ಆಚಾನ್ ಎಂದರೆ ಆಚಾರ್ಯ, ಗರಿ ಓದಿ ಕಾನೂನು ಹೇಳುವವನು. ಮುದುಕಿ ಸಮಾಧಾನದಿಂದಲೇ ಶುರು ಮಾಡಿದಳಂತೆ. ಮೊರದ ಮುಂದೆ ನನ್ನದು ಎನ್ನುವುದು ಹೊರೆ ಹೊರುತ್ತೇನೆ ಎಂಬ ಮಾತು, ಎಮ್ಮೆಗೆ ಬರೆ ಹಾಕುವ ಹಾಗೆ ಗುರುತು ಹಾಕುವ ಮಾತಲ್ಲ ಎಂದಳು. ಇನ್ತಾ ಮೊರದವ್ವನಾಗಿದ್ದರೆ ಬಂದು ಹಾಲು ಕುಡಿಸಲಿ, ಜ್ವರ ಬಂದಾಗ ಎದ್ದು ಕೂರಲಿ ಎಂದಳು. ಚಾವಡಿಯಲ್ಲಿದ್ದವರು ನಕ್ಕರು. ಆಚಾನ್ ಬುನ್ ಗರಿ ತಿರುವಿದ, ಗಂಟಲು ಸರಿಮಾಡಿಕೊಂಡ, ತೀರ್ಪು ಕೊರೆದ: ಮೊರದ ಮುಂದೆ ಯಾರ ಮಾತು ಮೊದಲು ಕೇಳಿತೋ, ಕೂಸು ಅವರದು. ಒಡೆಯ ಅದಕ್ಕೆ ಮುದ್ರೆ ಒತ್ತಿದ.

"ನಿಮ್ಮ ಸಂಪ್ರದಾಯವನ್ನೇ ಎತ್ತಿ ಹಿಡಿದಿದ್ದೇನೆ ಮುದುಕಿ, ಸಂತೋಷಪಡು" ಎಂದನಂತೆ.

ಸಂತೋಷಪಡು! ಕೇಳಿದಿರಾ? ಕದ್ದವನು ಕದ್ದು ಸುಮ್ಮನೆ ಹೋಗುತ್ತಾನೆ. ಇವನು ಕದ್ದು, ಕಳಕೊಂಡವರ ಕೈಯಿಂದ ವಂದನೆ ಬೇರೆ ಬಯಸಿದ.

ದೋಣಿಯಲ್ಲಿ ವಾಪಸು ಬರುವಾಗ ಉಯ್ ತಿಪ್ ಬೈದ ಬೈಗುಳಕ್ಕೆ ಹೊಳೆಯ ಮೀನೆಲ್ಲ ತಳಕ್ಕೆ ಹೋದವಂತೆ. ಬಡವನ ಕೋಪ ದವಡೆಗೆ ಮೂಲ, ಸುಮ್ಮನಿರವ್ವ ಎಂದರು ಜೊತೆಗಿದ್ದವರು. "ನನ್ನ ದವಡೇಲಿ ಹಲ್ಲೇ ಇಲ್ಲ, ಮುರಿಯೋದೇನು?" ಎಂದಳಂತೆ ಅವಳು. ಆದರೆ ಮನೆಗೆ ಬಂದು ಮೊಮ್ಮಗಳ ಕೈಯಲ್ಲಿ ಆ ನೂಲು ನೋಡಿದಾಗ ಬೈಗುಳವೂ ಸಾಲದಾಯಿತು. ಹಿಡಿದು ಅಲುಗಿಸಲು ಏನೂ ಸಿಗದೆ, ಕಂಬಗಳ ಮೇಲೆ ನಿಂತ ಮನೆಗೆ ಹತ್ತುವ ಏಣಿಯನ್ನು ಅಲುಗಿಸಿದಳಂತೆ. ಬೈಯುವವಳಿಗೆ ಸಿಟ್ಟು ಬಾಯಲ್ಲಿ ಖರ್ಚಾಗುತ್ತದೆ ಎಂದು ಜನ ತಿಳಿದಿದ್ದರು. ಈ ಸಿಟ್ಟು ಖರ್ಚಾಗಲಿಲ್ಲ.

ದಿನ ಕಳೆದವು. ಮೊಮ್ಮಗಳು ಹರಿದಾಡಿದಳು, ನಿಂತಳು, ನಡೆದಳು. ಹಲ್ಲು ಬಂದವು. ಫೋಂಗ್ ಹಾಲು ಬಿಡಿಸಲಿಲ್ಲ. ಇನ್ತಾ ಆಗೊಮ್ಮೆ ಈಗೊಮ್ಮೆ ಬಂದು ಮಗುವಿನ ಬಾಯಿ ತೆರೆಸಿ ನೋಡಿ ಹೋಗುತ್ತಿದ್ದ. ಈ ಮಳೆಗಾಲ ಕಳೆದ ಮೇಲೆ ಕೊಂಡೊಯ್ಯುತ್ತೇನೆ ಎಂದು ಹೇಳಿಯೂ ಹೋದ.

ಆ ಮಳೆಗಾಲದಲ್ಲೇ ಒಡೆಯನ ಸೊಸೆಗೆ ಹೆರಿಗೆ ನೋವು ಬಂತು. ಬೆಳಗ್ಗೆ ಬಂದ ನೋವು ಮಧ್ಯಾಹ್ನವಾದರೂ ಮುಂದೆ ಹೋಗಲಿಲ್ಲ. ಆಚೆ ದಡದ ಸೂಲಗಿತ್ತಿಯರು ಕೈಚೆಲ್ಲಿದರು, ಕೂಸು ಕಾಲು ಮುಂದಾಗಿ ಕೂತಿದೆ ಎಂದರು. ಉಯ್ ತಿಪ್‌ಳನ್ನು ಕರೆತರಲು ದೋಣಿ ಬಂತು. ದೋಣಿಯಲ್ಲಿ ಬಂದವನು ಯಾರು? ಇನ್ತಾನೇ. ಈ ಸಲ ನಗು ಇರಲಿಲ್ಲ, ಕೈ ಮುಗಿದಿದ್ದ.

ಊರು ಅವಳ ಏಣಿಯ ಬುಡದಲ್ಲಿ ಸೇರಿತು. ಹೋಗಬೇಡ ಎಂದರು ಕೆಲವರು, ಅವರ ವಂಶ ಅಲ್ಲೇ ನಿಲ್ಲಲಿ ಎಂದರು. ಹೋಗು, ಹೋಗಿ ಕುತ್ತಿಗೆ ಹಿಸುಕಿ ಬಾ ಎಂದಳಂತೆ ಮಕ್ಕಳಿಬ್ಬರನ್ನೂ ಕಳಕೊಂಡ ಒಬ್ಬಳು. ಉಯ್ ತಿಪ್ ಅವರೆಲ್ಲರನ್ನೂ ಬೈದಳು. ಆಮೇಲೆ ಮಗಳಿಗೆ, ಎಣ್ಣೆ ಮಡಕೆ ಎತ್ತಿಕೋ, ನನ್ನ ಜೊತೆ ಬಾ ಎಂದಳು. ಫೋಂಗ್ ಮಗುವನ್ನು ನೆರೆಯವಳ ಕೈಗೆ ಕೊಟ್ಟು ಬಂದಳು.

ಒಡೆಯನ ಸೊಸೆ ಚಿಕ್ಕ ಹುಡುಗಿ, ಹೆದರಿ ಬಿಳುಚಿಕೊಂಡಿದ್ದಳು. ಉಯ್ ತಿಪ್ ಅವಳ ಹೊಟ್ಟೆ ಮೇಲೆ ಕೈಯಿಟ್ಟಳು. ಒಳಗೆ ಕೂಸು ಮಿಸುಕಿತು. ಖಮ್ನೋಯ್ ಕೂಡ ಹೀಗೇ ಕಾಲು ಮುಂದಾಗಿ ಕೂತಿದ್ದ, ಹೀಗೇ ಮಿಸುಕಿದ್ದ. ಅವಳಿಗೆ ಆ ಮನೆಯ ಕಂಬ, ಜಂತೆ, ಹಾಸಿಗೆ ಎಲ್ಲದರ ಮೇಲೂ ಕೋಪ ಬಂತು. ಆ ಹುಡುಗಿಯ ಮೇಲೆ ಮಾತ್ರ ಎಷ್ಟು ಎಳೆದರೂ ಕೋಪ ಬರಲಿಲ್ಲ, ಅದಕ್ಕೇ ಇನ್ನಷ್ಟು ಕೋಪ ಬಂತು. "ಮುಕ್ಕು ಮುಂಡೇದೇ, ಅರಮನೇಲಿ ಹುಟ್ಟೋದು ಅಂತ ಕಾಲು ಚಾಚಿ ಬರ್ತೀಯಾ? ತಿರುಗು!" ಎಂದು ಗದರಿಸಿದಳು. ಚಾವಡಿಯಲ್ಲಿದ್ದ ಒಡೆಯನಿಗೂ ಕೇಳಿತಂತೆ. ಕೂಸು ತಿರುಗಿತು. ಹೊತ್ತು ಇಳಿಯುವ ಮೊದಲೇ ಗಂಡು ಕೂಸು ಹೊರಗೆ ಬಂದು, ಬೈಸಿಕೊಂಡದ್ದಕ್ಕೆಲ್ಲ ಉತ್ತರ ಕೊಡುವ ಹಾಗೆ ಅತ್ತಿತು.

ಒಡೆಯ ರೇಷ್ಮೆ ಕೊಡಲು ಬಂದ. ಅವಳು ಮುಟ್ಟಲಿಲ್ಲ. ಮೊರ ಎತ್ತುವ ದಿನ ಬರುತ್ತೇನೆ ಎಂದಷ್ಟೇ ಹೇಳಿ ದೋಣಿ ಹತ್ತಿದಳು.

ಆ ದಿನ ಚಾವಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲವಂತೆ. ಕೆಳಗೆ ಆಳುಗಳು, ಮೇಲೆ ನೆಂಟರು, ನಡುವೆ ಆಚಾನ್ ಬುನ್. ಮೊರದವ್ವನಾಗಲು ಒಡೆಯನ ಹೆಂಡತಿಯ ಅಕ್ಕ ಸಿದ್ಧಳಾಗಿ ಕುಳಿತಿದ್ದಳು, ಬೆಳ್ಳಿ ಬಟ್ಟಲಲ್ಲಿ ಉಪ್ಪು ಇಟ್ಟುಕೊಂಡು. ಫೋಂಗ್ ಎಣ್ಣೆ ಮಡಕೆ ಹಿಡಿದು ತಾಯಿಯ ಹಿಂದೆ ನಿಂತಿದ್ದಳು. ಅಂಥವರನ್ನು ಅಂಥ ಮನೆಯಲ್ಲಿ ಯಾರು ನೋಡುತ್ತಾರೆ?

ಉಯ್ ತಿಪ್ ಮೊರ ಎತ್ತಿದಳು. "ಮೂರು ದಿನ ದೆವ್ವದ ಕೂಸು, ನಾಲ್ಕನೆಯ ದಿನ ಮನುಷ್ಯರ ಕೂಸು! ಯಾರದೋ ಈ ಕೂಸು, ಬಂದು ಎತ್ತಿಕೊಳ್ಳಿ!" ಒಡೆಯನ ಹೆಂಡತಿಯ ಅಕ್ಕ ಸೆರಗು ಸರಿಮಾಡಿಕೊಂಡಳು, ಬಟ್ಟಲು ಎತ್ತಿಕೊಂಡಳು. ದೊಡ್ಡವರು ಬಾಯಿ ತೆರೆಯುವುದಕ್ಕೂ ಒಂದು ಗತ್ತು ಬೇಕಲ್ಲ. ಅಷ್ಟರಲ್ಲಿ ಹಿಂದಿನಿಂದ ಫೋಂಗ್ ಕೂಗಿದಳು.

"ನನ್ನದು!"

ಮಡಕೆ ಕೆಳಗಿಟ್ಟು, ಸೊಂಟದ ಗಂಟಿನಿಂದ ಉಪ್ಪು ತೆಗೆದು ತಾಯಿಯ ಅಂಗೈಗೆ ಹಾಕಿದಳು. ಉಯ್ ತಿಪ್ ಮೊರವನ್ನು ಮಗಳ ಕೈಗೆ ಕೊಟ್ಟಳು. ನೂಲು ಕಟ್ಟಿದ್ದೂ ಆಯಿತು.

ಒಡೆಯ ಎದ್ದು ಕತ್ತಿಗೆ ಕೈ ಹಾಕಿದ. ಅವನ ಹೆಂಡತಿ ಕಿರುಚಿ ಅವನ ಕಾಲು ಕಟ್ಟಿಕೊಂಡಳು. ಮುಟ್ಟಬೇಡಿ, ಕಿತ್ತುಕೊಂಡರೆ ಮೊಮ್ಮಗ ಉಳಿಯುವುದಿಲ್ಲ ಎಂದು ಗೋಳಾಡಿದಳು. ಅವನಿಗೂ ಅದೇ ಭಯ. ಕತ್ತಿ ಅರ್ಧದಲ್ಲೇ ನಿಂತಿತು. ಆಚಾನ್ ಬುನ್‌ನತ್ತ ತಿರುಗಿ, ಏನಾದರೂ ಹೇಳೋ ಎಂದು ಗುಡುಗಿದ. ಆಚಾನ್ ಏನು ಹೇಳುತ್ತಾನೆ? ಮೊದಲು ಕೇಳಿದ ಮಾತಿಗೇ ಕೂಸು ಎಂದು ಬರೆದವನು ಅವನೇ, ಮುದ್ರೆ ಒತ್ತಿದವನು ಇವನೇ. ಅದು ಸುಳ್ಳು ಎಂದರೆ ಕಣಿವೆಯಲ್ಲಿ ಹಾಗೆ ಹಿಡಿದ ಮಕ್ಕಳೆಲ್ಲ ಕೈ ತಪ್ಪುತ್ತವೆ. ನಿಜ ಎಂದರೆ ಲಕ್ಷ ಗದ್ದೆಯ ಮೊಮ್ಮಗ ಸೂಲಗಿತ್ತಿಯ ಮನೆ ಸೇರುತ್ತಾನೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು.

ಆಗ ಉಯ್ ತಿಪ್ ಬಾಯಿ ತೆರೆದಳು. ಅಲ್ಲಿವರೆಗೆ ಒಡೆಯರೇ, ನೀವು ಎನ್ನುತ್ತಿದ್ದವಳು ಅದನ್ನೆಲ್ಲ ಬಿಟ್ಟಳು.

"ಯಾಕೋ ಸೇನ್ ಕಾನ್, ಸಂತೋಷ ಆಗಲಿಲ್ಲವಾ? ನಿನ್ನ ಕಾನೂನೇ ಎತ್ತಿ ಹಿಡಿದಿದ್ದೀನಿ. ಹೆದರಬೇಡ, ಹಾಲು ಬಿಡೋವರೆಗೂ ನಿನ್ನ ಸೊಸೆ ಹತ್ತಿರಾನೇ ಇರಲಿ. ಆಮೇಲೆ ನಾನೇ ಬಂದು ಹಲ್ಲು ನೋಡಿ ಕರಕೊಂಡು ಹೋಗ್ತೀನಿ. ನಮ್ಮನೇಲಿ ಚೆನ್ನಾಗಿರ್ತಾನೆ, ಹೊಟ್ಟೆ ತುಂಬ ಉಣ್ತಾನೆ."

ಒಳಗಿನಿಂದ ಬಾಣಂತಿ ಹುಡುಗಿ ಬಿಕ್ಕಿ ಬಿಕ್ಕಿ ಅಳುವುದು ಕೇಳಿತು. ಒಡೆಯ ಕುಳಿತ. ಕತ್ತಿ ಕೆಳಗಿಟ್ಟ. ಏನು ಬೇಕು ಎಂದು ಕೇಳಿದ, ಮುದುಕಿಯನ್ನಲ್ಲ, ಫೋಂಗ್‌ಳನ್ನು.

ಫೋಂಗ್‌ಗೆ ಬೇಕಾದದ್ದು ಹೆಚ್ಚೇನಲ್ಲ. ಮಗಳ ಕೈಯ ನೂಲು ಬಿಚ್ಚಬೇಕು. ಖಮ್ನೋಯ್‌ನನ್ನು ಕರೆಸಿಕೊಡಬೇಕು. ಕರೆಸುತ್ತೇನೆ, ಈಗಲೇ ಕರೆಸುತ್ತೇನೆ ಎಂದ ಒಡೆಯ. ಎಂದವನು ಇನ್ತಾನ ಮುಖ ನೋಡಿದ. ಇನ್ತಾ ಎತ್ತಲೋ ನೋಡಿದ.

ಉಯ್ ತಿಪ್‌ಗೆ ಆಗಲೇ ತಿಳಿಯಿತು. ಸತ್ತ ಕೂಸು ಹುಟ್ಟುವ ಮೊದಲು ಸೂಲಗಿತ್ತಿಯ ಕೈಗೆ ತಿಳಿಯುತ್ತದಲ್ಲ, ಹಾಗೆ ತಿಳಿಯಿತು. ಬಾಯಿ ಬಿಡೋ ಎಂದಳು. ಇನ್ತಾ ಹೇಳಿದ. ಹುಡುಗ ಹೋಗಿ ಬಹಳ ಕಾಲವಾಯಿತು. ಜಾರುವ ಇಳಿಜಾರಿನಲ್ಲಿ ಉರುಳಿದ ಮರದ ದಿಮ್ಮಿಯ ಅಡಿಗೆ ಸಿಕ್ಕಿದ. ಅಲ್ಲೇ ಮಣ್ಣು ಮಾಡಿದರು. ಯಾಕೆ ಹೇಳಲಿಲ್ಲ ಎಂದು ಫೋಂಗ್ ಕೇಳಿದಳು. ಅವನಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲವಂತೆ.

"ಹೇಳಿದ್ನಲ್ಲ," ಎಂದ ಇನ್ತಾ. "ಹುಡುಗ ಯಾರವನೋ ಅವರಿಗೆ ಹೇಳಿದೆ. ಒಡೆಯರಿಗೆ ಅವತ್ತೇ ಹೇಳಿದೆ."

ಹೆತ್ತವಳು ದಿನವೂ ದಡಕ್ಕೆ ಬಂದು ನಿಲ್ಲುತ್ತಿದ್ದಳು. ಹೆತ್ತಪ್ಪ ಇಟ್ಟಿಗೆ ಹೊರುತ್ತಾ ಮೇಲಿನ ಕಾಡಿನ ಕಡೆ ನೋಡುತ್ತಿದ್ದ. ಅಜ್ಜಿ ಎಳೆ ಬಿದಿರಿನ ಪೀಪಿ ಮಾಡಿ ಎತ್ತಿಟ್ಟಿದ್ದಳು. ಹುಡುಗ ಯಾರವನೋ ಅವನಿಗೆ ಸುದ್ದಿ ಮುಟ್ಟಿತ್ತು. ಅವನು ಕೇಳಿ ಊಟ ಮಾಡಿ ಮಲಗಿದ್ದ, ಬೆಳಗ್ಗೆ ಎದ್ದು ಮರೆತಿದ್ದ.

ಫೋಂಗ್ ಅಳಲಿಲ್ಲ. ಮೊರದಲ್ಲಿದ್ದ ಕೂಸನ್ನು ಎರಡು ಕೈಯಲ್ಲಿ ಎತ್ತಿಕೊಂಡು ಚಾವಡಿಯ ಅಂಚಿಗೆ ಹೋದಳು. ಕಂಬಗಳ ಮೇಲೆ ಕಟ್ಟಿದ ಎತ್ತರದ ಚಾವಡಿ ಅದು, ಕೆಳಗೆ ಮಳೆಗಾಲದ ಕೆಂಪು ಹೊಳೆ. ಎಲ್ಲರೂ ಎದ್ದು ನಿಂತರು, ಯಾರೂ ಹತ್ತಿರ ಹೋಗಲಿಲ್ಲ. ಉಯ್ ತಿಪ್ ಮಗಳನ್ನು ಬೈಯಬೇಕೆಂದು ಬಾಯಿ ತೆರೆದಳು. ಹುಟ್ಟಿದಂದಿನಿಂದ ಮೊದಲ ಸಲ ಅವಳ ಬಾಯಲ್ಲಿ ಬೈಗುಳ ಇರಲಿಲ್ಲ. ಎಸೆದುಬಿಡು ಎಂದು ಅವಳ ಒಳಗೂ ಒಂದು ದನಿ ಕೂಗಿತು, ಅದನ್ನು ಅವಳು ಯಾರಿಗೂ ಮುಚ್ಚಿಡಲಿಲ್ಲ ಎನ್ನುತ್ತಾರೆ. ಆ ಕೂಸನ್ನು ಹೊರಗೆ ತಂದ ಕೈಗಳನ್ನು ತಾನೇ ಹಿಸುಕಿಕೊಳ್ಳುತ್ತಾ ನಿಂತಳು.

ಕೂಸಿಗೆ ಹಸಿವಾಗಿತ್ತು. ಅತ್ತಿತು. ಆ ಅಳು ಕೇಳಿದ್ದೇ ಫೋಂಗ್‌ಳ ಎದೆಯಲ್ಲಿ ಹಾಲು ಇಳಿದು ಬಟ್ಟೆ ತೊಯ್ದಿತು. ಮಗಳಿಗೆಂದು ಬಿಡಿಸದೆ ಉಳಿಸಿಕೊಂಡ ಹಾಲು. ಅವಳು ಅಲ್ಲೇ ಅಂಚಿನಲ್ಲಿ ಕುಕ್ಕರಿಸಿ ಕುಳಿತು, ಸೇನ್ ಕಾನನ ಮೊಮ್ಮಗನಿಗೆ ಮೊಲೆ ಕೊಟ್ಟಳು. ಮೊಲೆ ಕೊಡುತ್ತಲೇ ಅವನ ಅಜ್ಜನನ್ನು ಶಪಿಸಿದಳು. ಅವ್ವನಿಂದ ಕಲಿತ ಬೈಗುಳ ಒಂದೂ ಬಿಡದೆ ಬೈದಳು. ಕೂಸು ಚಪ್ಪರಿಸುತ್ತಾ ಕುಡಿಯಿತು, ಅವಳು ಕಿರುಚಿ ಕಿರುಚಿ ಬೈದಳು. ಚಾವಡಿಯ ತುಂಬ ಜನ ತಲೆ ತಗ್ಗಿಸಿ ಎರಡನ್ನೂ ಕೇಳಿದರು. ಕೆಳಗೆ ಇಟ್ಟಿಗೆ ಧೂಳು ಮೆತ್ತಿದ ಮುಯ್ ಚಾವಡಿಯ ಕಂಬಕ್ಕೆ ಹಣೆ ಒತ್ತಿ ನಿಂತಿದ್ದ.

ನೋಡು, ಮೊರದವ್ವ ಅಂದರೆ ಇದು ಎಂದಳು ಉಯ್ ತಿಪ್, ಆಚಾನ್ ಬುನ್‌ಗೆ. ಕಣ್ಣು ಬಿಟ್ಟು ನೋಡಿ ಬರೆದುಕೋ ಎಂದಳು.

ಒಡೆಯ ತನ್ನ ಬಾಯಿಂದಲೇ ಹೇಳುವವರೆಗೆ ಫೋಂಗ್ ಕೂಸನ್ನು ಕೊಡಲಿಲ್ಲ. ಅವನು ಹೇಳಿದ: ಮೊರದ ಮುಂದೆ ಆಡಿದ ಮಾತು ಹೊರೆ, ಒಡೆತನವಲ್ಲ. ಹೆತ್ತವಳ ಮಕ್ಕಳು ಹೆತ್ತವಳ ಜೊತೆಗೆ. ಒಂದನ್ನೂ ಹಂಚುವಂತಿಲ್ಲ. ಕೇಳಿಸಲಿಲ್ಲ ಎಂದಳು ಫೋಂಗ್. ಅವನು ಜೋರಾಗಿ ಹೇಳಿದ. ಕೆಳಗಿದ್ದವರಿಗೆ ಕೇಳಿಸಲಿಲ್ಲ ಎಂದಳು. ಅವನು ಅಂಚಿಗೆ ಬಂದು ನಿಂತು ಆಳುಗಳಿಗೆ ಕೇಳುವಂತೆ ಕೂಗಿ ಹೇಳಿದ. ಆಮೇಲೆ ಅವಳೇ ಎದ್ದು ಹೋಗಿ ಕೂಸನ್ನು ಬಾಣಂತಿಯ ಮಗ್ಗುಲಲ್ಲಿ ಮಲಗಿಸಿದಳು. ಆ ಹುಡುಗಿ ಫೋಂಗ್‌ಳ ಕೈ ಹಿಡಿದುಕೊಂಡಳಂತೆ, ಬಹಳ ಹೊತ್ತು ಬಿಡಲಿಲ್ಲವಂತೆ. ಇನ್ತಾ ಅಂದೇ ಹೊಳೆ ದಾಟಿ ಮನೆಮನೆಗೆ ಹೋಗಿ ತಾನು ಕಟ್ಟಿದ ನೂಲುಗಳನ್ನು ತನ್ನ ಕೈಯಿಂದಲೇ ಬಿಚ್ಚಿದ.

ಆ ಮೊಮ್ಮಗ ದೊಡ್ಡವನಾಗಿ ಅವನೇ ಸೇನ್ ಆದ. ಅವನೇನೂ ಪುಣ್ಯಪುರುಷನಾಗಲಿಲ್ಲ, ಎಲ್ಲ ಒಡೆಯರ ಹಾಗೆಯೇ ಇದ್ದ. ಆದರೆ ಫೋಂಗ್ ಬದುಕಿರುವವರೆಗೂ ಆ ಮಾತು ಮುರಿಯುವ ಧೈರ್ಯ ಅವನಿಗೆ ಬರಲಿಲ್ಲ. ತಪ್ಪು ಮಾಡಿದರೆ ಮೊರದವ್ವ ಚಾವಡಿಗೇ ಬಂದು ಬೈಯುತ್ತಿದ್ದಳಂತೆ.

ಕೆಲವು ಕಾಲದ ಮೇಲೆ ಈ ಸುದ್ದಿ ರಾಜಧಾನಿಗೆ ಹೋಯಿತು. ಅಲ್ಲಿ ವಿದ್ವಾಂಸರು ಕೂತು ಚಂದದ ಗರಿಗಳಲ್ಲಿ ಅದನ್ನು ಮತ್ತೆ ಬರೆದರು. ಬರೆದದ್ದನ್ನು ಈ ಊರಿಗೂ ತಂದು ವಿಹಾರದ ಅಂಗಳದಲ್ಲಿ ಜನರಿಗೆ ಓದಿ ಹೇಳಿದರು: ಮಹಾರಾಜರು ಹೆತ್ತ ತಾಯಂದಿರ ಮೇಲೆ ಕರುಣೆ ತಾಳಿ ಈ ಕಟ್ಟಳೆಯನ್ನು ದಯಪಾಲಿಸಿದ್ದಾರೆ. ಜನ ಕೈ ಮುಗಿದರು. ಉಯ್ ತಿಪ್‌ಗೆ ಆಗ ನಡೆಯಲಾಗುತ್ತಿರಲಿಲ್ಲ, ಎತ್ತಿಕೊಂಡು ಬಂದು ಕೂರಿಸಿದ್ದರು. ಕೂತಲ್ಲಿಂದಲೇ ಕೂಗಿದಳಂತೆ: "ಕರುಣೆಯಂತೆ ಕರುಣೆ! ಆ ಗರೀಲಿ ನಮ್ಮ ಖಮ್ನೋಯ್ ಹೆಸರು ಎಲ್ಲಿದೆ? ಓದು!" ಓದುವವನು ಗರಿ ಹಿಂದೆ ಮುಂದೆ ತಿರುವಿದ. ಇರಲಿಲ್ಲ. ಅವಳು ವೀಳ್ಯ ಉಗಿದು, ನನ್ನನ್ನು ಮನೆಗೆ ಕರಕೊಂಡು ಹೋಗಿ ಎಂದಳು.

ಆಮೇಲೆ ಊರಿನಲ್ಲಿ ಒಂದು ಕೂಸು ಹುಟ್ಟಿತು. ಮೊರ ಎತ್ತುವ ದಿನ ಉಯ್ ತಿಪ್ ಮೊದಲು ಒಂದು ಬರಿಯ ಮೊರ ತರಿಸಿದಳು. ಏನೂ ಇಲ್ಲದ ಮೊರ. ಅದನ್ನೆತ್ತಿ ಹೊಳೆಯ ಕಡೆ ಮುಖ ಮಾಡಿ, ಖಮ್ನೋಯ್ ಎಂದು ಕೂಗಿದಳು. ಯಾರದೋ ಈ ಕೂಸು ಎಂದಳು. ಜನಕ್ಕೆ ತಿಳಿಯಲಿಲ್ಲ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಯಿ ಬಿದ್ದುಹೋಗಿದೆಯೇನ್ರೋ ಎಂದು ಬೈದಳು. ಆಗ ಯಾರೋ ಮೆಲ್ಲಗೆ ನಮ್ಮದು ಎಂದರು. ಆಮೇಲೆ ಎಲ್ಲರೂ ಎಂದರು.

ಇವತ್ತಿಗೂ ನಮ್ಮ ಎರಡು ದಡದಲ್ಲೂ ಹಾಗೆಯೇ ಮಾಡುತ್ತಾರೆ. ಮೊದಲು ಬರಿಯ ಮೊರ, ಆಮೇಲೆ ಕೂಸಿನ ಮೊರ. ಸೂಲಗಿತ್ತಿ ಆ ಹುಡುಗನ ಹೆಸರು ಕೂಗುತ್ತಾಳೆ, ಊರು ನಮ್ಮದು ಎಂದು ಕೂಗುತ್ತದೆ. ಸೇನ್ ಕಾನನ ಚಾವಡಿ ಇದ್ದ ಜಾಗದಲ್ಲಿ ಈಗ ಏನೂ ಇಲ್ಲ, ಜೊಂಡು ಬೆಳೆದಿದೆ, ಕೊಕ್ಕರೆ ಕೂರುತ್ತವೆ. ಅಲ್ಲಿ ಕೇಳುವವರು ಯಾರೂ ಇಲ್ಲ. ಆದರೂ ಅತ್ತಲೇ ತಿರುಗಿ ಕೂಗುತ್ತಾರೆ. ಮೆಲ್ಲಗೆ ಕೂಗಿದರೆ ಸೂಲಗಿತ್ತಿ ಬೈಯುತ್ತಾಳೆ. ಆ ಕೊಕ್ಕರೆಗಳು ಬೆದರಿ ಹಾರುವಷ್ಟು ಜೋರಾಗಿ ಕೂಗುವವರೆಗೆ ಯಾವ ಸೂಲಗಿತ್ತಿಯೂ ಬದುಕಿರುವ ಕೂಸನ್ನು ಮೊರಕ್ಕೆ ಹಾಕುವುದಿಲ್ಲ.